ಫುಲ್ ಸ್ಕ್ರೀನ್ ಆಟದ ನಡುವೆ ಡಬ್ಲ್ಯು-ಎ-ಎಸ್-ಡಿ ನಿಂತುಹೋಗುತ್ತೆ, ಆರೋ ಕೀ ಮಾತ್ರ ನಡೆಯುತ್ತೆ

ಸರಸ್ವತಿಪುರಂ_ಪಿಸಿ:
ಮೈಸೂರು. ವಿಂಡೋಸ್ 11. ಇದೇ ಪಿಸಿಯಲ್ಲಿ ಡಿಟಿಪಿ ಕೆಲಸವೂ ಇರೋದರಿಂದ ಇಂಗ್ಲಿಷ್ ಜೊತೆ ಕನ್ನಡ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಲೇಔಟನ್ನೂ ಹಾಕಿದೆ. ಆಟ ಶುರುವಾದಾಗ ಎಲ್ಲ ಸರಿ. ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಪಾತ್ರವನ್ನು ನಡೆಸುವ ಡಬ್ಲ್ಯು, ಎ, ಎಸ್, ಡಿ ಕೀ ನಾಲ್ಕೂ ನಿಲ್ಲುತ್ತೆ. ಮೌಸ್, ಆರೋ, ಎಸ್ಕೇಪ್ ಸರಿ ಇವೆ. ಚಾಟ್ ಬಾಕ್ಸ್ ತೆರೆದು ಒತ್ತಿದರೆ ಖಾಲಿ ಚೌಕ ಬರುತ್ತೆ. ಬೇರೆ ಎರಡು ಆಟಗಳಲ್ಲಿ ಈ ತೊಂದರೆ ಇಲ್ಲ. ಕೀಬೋರ್ಡ್ ಬದಲಿಸಿದರೂ ಅಷ್ಟೇ.

ಕೀಲಿಮಣೆ_ಮಂಡ್ಯ:
ಕೀಬೋರ್ಡ್ ಚೆನ್ನಾಗೇ ಇದೆ ಸರ್, ಆಟದ ನಡುವೆ ಭಾಷೆ ಕನ್ನಡಕ್ಕೆ ತಿರುಗಿದೆ. ನೋಟ್‌ಪ್ಯಾಡ್ ತೆಗೆದು ಕನ್ನಡಕ್ಕೆ ಹಾಕಿ ಆ ನಾಲ್ಕು ಕೀ ಒತ್ತಿ ನೋಡಿ: ೈ, ೋ, ೇ, ್ ಬೀಳುತ್ತೆ. ಆಟದ ಫಾಂಟಿನಲ್ಲಿ ಕನ್ನಡ ಇಲ್ಲ, ಅದಕ್ಕೇ ನಿಮಗೆ ಚೌಕ ಕಾಣ್ತಿದೆ.

ಆ ಆಟದಲ್ಲಿ ಶಿಫ್ಟ್ ಒತ್ತಿದರೆ ಓಟ, ಆಲ್ಟ್ ಒತ್ತಿದರೆ ನಿಧಾನ ನಡಿಗೆ ಇರಬೇಕು. ಎಡಗಡೆ ಆಲ್ಟ್, ಶಿಫ್ಟ್ ಒಟ್ಟಿಗೆ ಬಿದ್ದರೆ ವಿಂಡೋಸ್ ಭಾಷೆ ಬದಲಿಸುತ್ತೆ. ಟಾಸ್ಕ್ ಬಾರ್ ಮರೆಯಾಗಿರೋದರಿಂದ ಬದಲಾಗಿದ್ದೇ ಗೊತ್ತಾಗಲ್ಲ.

ಸೆಟ್ಟಿಂಗ್ಸ್ → ಟೈಮ್ ಅಂಡ್ ಲ್ಯಾಂಗ್ವೇಜ್ → ಟೈಪಿಂಗ್ → ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ‘ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್’ ಒಳಗೆ ‘ಬಿಟ್ವೀನ್ ಇನ್‌ಪುಟ್ ಲ್ಯಾಂಗ್ವೇಜಸ್’ ಆರಿಸಿ, ‘ಚೇಂಜ್ ಕೀ ಸೀಕ್ವೆನ್ಸ್’ ಒತ್ತಿ. ಎರಡು ಸಾಲು ಆಯ್ಕೆ ಇರುತ್ತೆ, ಎರಡಕ್ಕೂ ‘ನಾಟ್ ಅಸೈನ್ಡ್’ ಕೊಡಿ. ಒಂದಕ್ಕೆ ಮಾತ್ರ ಕೊಟ್ಟು ಇನ್ನೊಂದರಲ್ಲಿ ಕಂಟ್ರೋಲ್+ಶಿಫ್ಟ್ ಉಳಿದಿದ್ದರೆ, ಕೂತು ಓಡುವಾಗ ಮತ್ತೆ ಇದೇ ಕಥೆ ಆಗಬಹುದು. ಡಿಟಿಪಿಗೆ ವಿಂಡೋಸ್ ಕೀ+ಸ್ಪೇಸ್ ಸಾಕು. ಅದೇ ಪುಟದಲ್ಲಿ ಪ್ರತಿ ವಿಂಡೋಗೂ ಬೇರೆ ಇನ್‌ಪುಟ್ ಬಳಸುವ ಆಯ್ಕೆಗೆ ಟಿಕ್ ಹಾಕಿ.

ಕುವೆಂಪುನಗರ_ಗೇಮರ್:
ಇಷ್ಟೆಲ್ಲ ಯಾಕೆ ಗುರು, ಕನ್ನಡ ಕೀಬೋರ್ಡ್ ತೆಗೆದುಬಿಟ್ಟರೆ ಆಯ್ತಲ್ಲ.

ಕೀಲಿಮಣೆ_ಮಂಡ್ಯ:
ಆ ಸಲಹೆ ಬೇಡ. ತಪ್ಪು ಆಟದ್ದು, ಅದಕ್ಕೆ ಕನ್ನಡ ಯಾಕೆ ತೆಗೀಬೇಕು? ನಡೆದಾಟಕ್ಕೆ ಬೇಕಿರೋದು ಕೀ ಇರುವ ಜಾಗ, ಅದರ ಮೇಲಿನ ಅಕ್ಷರ ಅಲ್ಲ. ಜಾಗಕ್ಕೆ ಸ್ಕ್ಯಾನ್ ಕೋಡ್ ಅಂತ ಇದೆ: ಡಬ್ಲ್ಯುಗೆ 17, ಎ-ಎಸ್-ಡಿಗೆ 30, 31, 32. ಯಾವ ಭಾಷೆ ಹಾಕಿದರೂ ಈ ಸಂಖ್ಯೆ ಬದಲಾಗಲ್ಲ. ನಿಮ್ಮಲ್ಲಿ ಸರಿಯಿರುವ ಆಟಗಳು ಹೀಗೋ, ಇಲ್ಲಾ ವಿಂಡೋಸಿನ ವರ್ಚುವಲ್ ಕೀ ಕೋಡ್ (ಪ್ರತಿ ಕೀಗೆ ವಿಂಡೋಸ್ ಕೊಡುವ ಸಂಖ್ಯೆ) ನೋಡಿಯೋ ಓದುತ್ತಿರುತ್ತವೆ. ತೊಂದರೆ ಕೊಡ್ತಿರೋ ಆಟ ಮಾತ್ರ ಅಕ್ಷರ ಬರಲಿ ಅಂತ ಕಾಯ್ತಿದೆ, ‘ೈ’ ಬಂದರೆ ಅದಕ್ಕೆ ಅರ್ಥವಾಗಲ್ಲ. ಅಕ್ಷರ ಬೇಕಿರೋದು ಚಾಟ್ ಬಾಕ್ಸಿಗೆ ಮಾತ್ರ. ಫ್ರೆಂಚ್ ಕೀಬೋರ್ಡಿನಲ್ಲಿ ಡಬ್ಲ್ಯು ಜಾಗದಲ್ಲಿ ಝಡ್ ಇರುತ್ತೆ, ಅವರಿಗೂ ಇದೇ ಪಾಡು.

ಕನ್ನಡ ಫೊನೆಟಿಕ್ (ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಒತ್ತಿದರೆ ಕನ್ನಡ ಬರುವ ಕೀಬೋರ್ಡ್) ಹಾಕಿದವರಿಗೆ ಇನ್ನೊಂದು ತೊಡಕು. ಅದು ಐಎಂಇ, ಅಂದ್ರೆ ಒತ್ತಿದ ಕೀಗಳನ್ನು ಅಕ್ಷರಕ್ಕೆ ತಿರುಗಿಸುವ ಪ್ರೋಗ್ರಾಂ, ಕೀಯನ್ನು ಮೊದಲು ತಾನೇ ಹಿಡಿದುಕೊಳ್ಳುತ್ತೆ. ಆಗ ವರ್ಚುವಲ್ ಕೀ ನೋಡುವ ಆಟಕ್ಕೂ ನಿಜವಾದ ಕೋಡ್ ಬದಲು ‘ಐಎಂಇ ಹಿಡಿದಿದೆ’ ಅನ್ನೋ 229 ಸಿಗುತ್ತೆ. ಹಾಗಾಗಿ ಆಟ ತೆರೆಯುವ ಮುಂಚೆಯೇ ಇಂಗ್ಲಿಷಿಗೆ ತಿರುಗಿಸಿ. ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶ ನಡೀತಿದ್ದರೆ ಅವನ್ನೂ ಮುಚ್ಚಿಡಿ.

ಸರಸ್ವತಿಪುರಂ_ಪಿಸಿ:
ಎರಡನ್ನೂ ‘ನಾಟ್ ಅಸೈನ್ಡ್’ ಮಾಡಿದೆ, ಎರಡು ಗಂಟೆ ಆಡಿದರೂ ನಿಂತಿಲ್ಲ. ಧನ್ಯವಾದ ಸರ್. ಶಿಫ್ಟ್ ಐದು ಸಲ ಒತ್ತಿದರೆ ಒಂದು ಬಾಕ್ಸ್ ಎದ್ದು ಆಟ ಕೆಳಗಿಳಿಯುತ್ತೆ, ಅದಕ್ಕೇನು? ಮತ್ತೆ ಚಾಟಿನಲ್ಲಿ ಕನ್ನಡ ಬರೆಯೋಕೆ ದಾರಿ ಇದೆಯಾ?

ಕೀಲಿಮಣೆ_ಮಂಡ್ಯ:
ಅದು ಸ್ಟಿಕಿ ಕೀಸ್. ಎರಡು ಕೀ ಒಟ್ಟಿಗೆ ಒತ್ತಲು ಕಷ್ಟ ಇರುವವರಿಗೆ ಬೇಕೇ ಬೇಕಾದ ಸೌಲಭ್ಯ. ಆಟ ನಡೆಯುವಾಗ ಮಾತ್ರ ಆ ಶಾರ್ಟ್‌ಕಟ್ ನಿಲ್ಲಿಸಿ, ಮುಗಿದ ಮೇಲೆ ಮೊದಲಿನಂತೆ ಇಡೋದು ಆಟ ಬರೆದವರ ಕೆಲಸ. ಅವರು ಮಾಡಿಲ್ಲ ಅಂದ್ರೆ ನೀವೇ ಆಕ್ಸೆಸಿಬಿಲಿಟಿ → ಕೀಬೋರ್ಡ್ → ಸ್ಟಿಕಿ ಕೀಸ್ ಒಳಗೆ ಶಾರ್ಟ್‌ಕಟ್ ಆಫ್ ಮಾಡಿ. ಬಲಗಡೆ ಶಿಫ್ಟ್ 8 ಸೆಕೆಂಡ್ ಹಿಡಿದರೆ ಏಳುವ ಫಿಲ್ಟರ್ ಕೀಸಿಗೂ ಅಲ್ಲೇ ಸ್ವಿಚ್ ಇದೆ.

ಚಾಟಿಗೆ, ‘ಮಂಡ್ಯ’ ಅಂತ ಟೈಪ್ ಮಾಡಿ ನೋಡಿ. ಚೌಕ ಬಂದರೆ ಫಾಂಟ್ ಇಲ್ಲ. ಅಕ್ಷರ ಬಂದು ‘ಡ’ ಕೆಳಗೆ ಯ-ಒತ್ತು ಕೂರದೆ ‘ಡ್’, ‘ಯ’ ಬಿಡಿಬಿಡಿಯಾಗಿ ಕಂಡರೆ ಫಾಂಟ್ ಇದೆ, ಅಕ್ಷರ ಜೋಡಿಸುವ ಭಾಗ ಇಲ್ಲ. ಎರಡೂ ನಮ್ಮ ಕಡೆಯಿಂದ ಸರಿಹೋಗಲ್ಲ. ಆಟ ಮಾಡಿದವರಿಗೆ ಆ ಸ್ಕ್ರೀನ್‌ಶಾಟ್, ಪಕ್ಕದಲ್ಲಿ ನೋಟ್‌ಪ್ಯಾಡಿನಲ್ಲಿ ಸರಿಯಾಗಿ ಬಂದ ‘ಮಂಡ್ಯ’, ಕೀಬೋರ್ಡ್ ಹೆಸರು ಕಳಿಸಿ. ಹಾರ್ಫ್‌ಬಜ್ ಅನ್ನೋ, ಅಕ್ಷರ ಜೋಡಿಸುವ ಮುಕ್ತ ಲೈಬ್ರರಿ ಸೇರಿಸಿದರೆ ಒತ್ತು ಸರಿ ಕೂರುತ್ತೆ ಅಂತಲೂ ಬರೀರಿ. ಡಬ್ಲ್ಯು-ಎ-ಎಸ್-ಡಿ ದೂರನ್ನು ಬೇರೆಯಾಗಿ ಕಳಿಸಿ, ಒಂದೇ ಪತ್ರದಲ್ಲಿ ಎರಡು ಸೇರಿಸಿದರೆ ಒಂದು ಬಿಟ್ಟುಹೋಗುತ್ತೆ.