ಸಹಾಯ ಬೇಕು: ಟರ್ಬೊ ಮ್ಯಾನಿಫೋಲ್ಡ್ (ಎಂಜಿನ್ ಹೊಗೆಯನ್ನು ಟರ್ಬೊಗೆ ಒಯ್ಯುವ ಭಾಗ) ಯಾವುದು ಹಾಕಿಸಲಿ?

ನನ್ನದು 2 ಲೀಟರ್, ನಾಲ್ಕು ಸಿಲಿಂಡರ್‌ನ ಸ್ಪೋರ್ಟ್ಸ್ ಕಾರು, ಟ್ವಿನ್ ಸ್ಕ್ರೋಲ್ ಟರ್ಬೊ (ಹೊಗೆ ಒಳಬರಲು ಎರಡು ಬೇರೆ ದಾರಿ ಇರುವಂಥದ್ದು). ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು, ಎಂಜಿನ್ ಬಿಸಿಯಾದರೆ ಮಾಯ. ಗ್ಯಾಸ್ಕೆಟ್ ಬದಲಾಯಿಸಿದೆ, ನಟ್ಟು ಬಿಗಿ ಮಾಡಿದೆ, ಉಪಯೋಗವಾಗಲಿಲ್ಲ. ಕೊನೆಗೆ ಹೀಟ್ ಶೀಲ್ಡ್ ಬಿಚ್ಚಿದರೆ ಮ್ಯಾನಿಫೋಲ್ಡ್‌ನಲ್ಲಿ ಕೂದಲೆಳೆಯಷ್ಟು ಬಿರುಕು, ಸುತ್ತ ಕಪ್ಪು ಮಸಿ. ವೆಲ್ಡ್ ಮಾಡಿಸಿದೆ, ತಿಂಗಳೊಳಗೆ ಪಕ್ಕದಲ್ಲೇ ಮತ್ತೆ ಸೀಳಿತು (ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಸುಲಭವಾಗಿ ಒಗ್ಗಲ್ಲ ಅಂತ ಆಮೇಲೆ ಗೊತ್ತಾಯ್ತು!).

ಈಗ ಸಿಕ್ಕಿರುವುದು ಎರಡು. ಎರಕದ್ದು ಗಟ್ಟಿ, ಟರ್ಬೊ ಭಾರ ತಡೆಯುತ್ತೆ, ಆದರೆ ನಾಲ್ಕೂ ಸಿಲಿಂಡರ್‌ನ ಹೊಗೆ ಒಂದೇ ಬಾಯಿಗೆ ಬರುತ್ತೆ. 304 ಸ್ಟೇನ್‌ಲೆಸ್ ಪೈಪಿನದರಲ್ಲಿ 1-4, 2-3 ಸಿಲಿಂಡರ್ ಜೋಡಿಗಳ ಹೊಗೆ ದಾರಿ ಬೇರೆ ಬೇರೆಯಾಗಿವೆ, ಆದರೆ ಅದು ಬಿಸಿಗೆ ಜಾಸ್ತಿ ಹಿಗ್ಗುತ್ತೆ, ಬೆಸುಗೆ ಬಿಟ್ಟೀತು ಅನ್ನೋ ಭಯ.

ದಿನಾ ಓಡಿಸುವ ಕಾರು. ಎರಕದ್ದು ಹಾಕಿದರೆ ಕಡಿಮೆ ಆರ್‌ಪಿಎಂನಲ್ಲಿ ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ತಡವಾಗಿ ಬರೋದು ಓಡಿಸುವಾಗ ಗೊತ್ತಾಗುತ್ತಾ? ಇಲ್ಲಾ, ಟರ್ಬೊಗೆ ಬ್ರ್ಯಾಕೆಟ್ ಕೊಟ್ಟು ಸ್ಟೇನ್‌ಲೆಸ್ಸೇ ಹಾಕಿಸಲಾ?