ಓಸಿಡಿಗೆ (ಗೀಳು ಕಾಯಿಲೆಗೆ) ಕಂಪ್ಯೂಟರಿನಲ್ಲೇ ಚಿಕಿತ್ಸೆ ಮಾಡಿಕೊಂಡವರು ಇದ್ದೀರಾ?

ಬದಿಯಡ್ಕ ಕಡೆಯವಳು:
ಮೂರು ಮಳೆಗಾಲದ ಹಿಂದೆ, ತೋಟಕ್ಕೆ ಮದ್ದು ಬಿಡುವಾಗ ಶುರುವಾದದ್ದು. ಮೈಲುತುತ್ತಿನ ನೀಲಿ ಎಲ್ಲಿ ಹತ್ತಿದೆಯೋ, ನನ್ನ ಕೈಯಿಂದ ಮಕ್ಕಳ ಅನ್ನಕ್ಕೆ ಹೋದರೆ ಏನು ಗತಿ ಅಂತ ಒಂದೇ ಯೋಚನೆ. ಈಗ ಅಕ್ಕಿಗೆ ಕೈ ಹಾಕುವ ಮೊದಲು ಮುಕ್ಕಾಲು ಗಂಟೆ ಕೈ ತೊಳೆಯುತ್ತೇನೆ. ಬೆರಳ ಸಂದಿ ಒಡೆದು, ಉಪ್ಪು ತಾಗಿದರೆ ಉರಿ. ಮಂಗಳೂರಿನ ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ, ಸ್ವಲ್ಪ ಕಮ್ಮಿ ಇದೆ. ಕೌನ್ಸೆಲಿಂಗಿಗೆ ವಾರ ವಾರ ಬನ್ನಿ ಅಂದರು. ಹೋಗಿ ಬಂದರೆ ಒಂದು ದಿನ ಮುಗಿಯಿತು. ಹತ್ತಿರ ಸಿಗುವವರು ಮಲಯಾಳದಲ್ಲಿ ಮಾತಾಡುತ್ತಾರೆ. ಅಂಗಡಿ ವ್ಯವಹಾರಕ್ಕೆ ನನ್ನ ಮಲಯಾಳ ಸಾಕು, ಇದನ್ನು ಹೇಳಲು ಸಾಲದು. ಕಂಪ್ಯೂಟರ್ ನೋಡಿ ನಾವೇ ಮಾಡಿಕೊಳ್ಳುವ ಚಿಕಿತ್ಸೆ ಇದೆಯಂತೆ. ಪ್ರಯೋಜನ ಉಂಟಾ?

ಕುಂಬಳೆಯ ಮೇಷ್ಟ್ರು:
ಉಂಟು ಅಕ್ಕ, ನಾನು ಮಾಡಿದ್ದೇನೆ. ನನ್ನದು ಬೀಗದ ಗೀಳು. ಸ್ಟೇಷನ್ನಿನಿಂದ ವಾಪಸ್ ಬಂದು ಬೀಗ ಜಗ್ಗಿ ನೋಡಿ ರೈಲು ತಪ್ಪಿಸಿಕೊಂಡ ದಿನಗಳಿಗೆ ಲೆಕ್ಕವಿಲ್ಲ.

ಡಾಕ್ಟ್ರು ಇಆರ್‌ಪಿ ಅನ್ನುತ್ತಾರಲ್ಲ, ಹೆದರಿಕೆ ಎದುರಿಸುವ ಚಿಕಿತ್ಸೆ, ಅದೇ ಇದು. ಪ್ರೋಗ್ರಾಂ ಮೊದಲು ಹೆದರಿಕೆಗಳ ಪಟ್ಟಿ ಮಾಡಿಸುತ್ತದೆ, ಒಂದೊಂದಕ್ಕೂ 100ರಲ್ಲಿ ಅಂಕ. 30, 40 ಇರುವುದರಿಂದ ಶುರು. ಹೆದರಿಕೆಯ ಎದುರು ನಿಲ್ಲಬೇಕು. ಆಮೇಲೆ ತೊಳೆಯುವ ಹಾಗಿಲ್ಲ, ತಿರುಗಿ ಹೋಗಿ ನೋಡುವ ಹಾಗಿಲ್ಲ.

ಒಂದು ದಿನ ಒಮ್ಮೆ ಮಾತ್ರ ಬೀಗ ಹಾಕಿ, ಅಂಗಳ ದಾಟಿ ಗೇಟಿನ ಹತ್ತಿರ ನಿಂತೆ. ಎದೆ ಡವಡವ, ಅಂಗಿ ಒದ್ದೆ. 80 ಅಂತ ಒತ್ತಿದೆ. ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿತ್ತು, ಈಗ ಎಷ್ಟು? 75. ಮತ್ತೆ 80. ಐವತ್ತು ನಿಮಿಷಕ್ಕೆ 40ಕ್ಕೆ ಬಂತು. ತಾನಾಗಿ ಇಳಿಯುತ್ತದೆ ಅಂತ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಪ್ರತಿ ಸಲ ಬೀಗ ಜಗ್ಗಿಯೇ ಇಳಿಸಿಕೊಂಡವ ನಾನು.

ನನ್ನ ಪ್ರೋಗ್ರಾಂ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷಿನಲ್ಲಿ ಪಟ್ಟಿ ಬರೆದಾಗ ಹೆದರಿಕೆಯೇ ಬರಲಿಲ್ಲ. "ಬಾಗಿಲು ತೆರೆದೇ ಇದೆ, ಅಮ್ಮನ ಬಳೆ ಹೋಯಿತು" ಅಂತ ಕನ್ನಡದಲ್ಲಿ ಬರೆದಾಗಲೇ ಹೊಟ್ಟೆ ಹಿಂಡಿದ್ದು. ನೀವೂ ನೋಟ್‌ಬುಕ್ಕಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಮನೆಯವರಿಗೂ ಹೇಳಿಡಿ, "ಕೈ ಚೊಕ್ಕ ಉಂಟು" ಅಂತ ಪದೇ ಪದೇ ಸಮಾಧಾನ ಮಾಡಬಾರದು. ಅದೂ ತೊಳೆದ ಹಾಗೇ.

ಉಪ್ಪಳದ ನರ್ಸ್:
ಬಿಟಿ ಸ್ಟೆಪ್ಸ್ ಅಂತ ಒಂದಿತ್ತು. ಫೋನಿನಲ್ಲಿ ಕಂಪ್ಯೂಟರ್ ಮಾತಾಡುತ್ತಿತ್ತು, ಜೊತೆಗೆ ಒಂದು ಪುಸ್ತಕ. 218 ಜನರ ಮೇಲೆ ಮಾಡಿದ ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಓಸಿಡಿಯನ್ನು 40 ಅಂಕದಲ್ಲಿ ಅಳೆಯುತ್ತಾರೆ, ಅಂಕ ಹೆಚ್ಚಾದಷ್ಟೂ ಕಾಯಿಲೆ ಜಾಸ್ತಿ. ಕಂಪ್ಯೂಟರ್ ಜೊತೆ ಮಾಡಿದವರಿಗೆ ಸರಾಸರಿ 5.6 ಇಳಿಯಿತು, ಥೆರಪಿಸ್ಟ್ ಜೊತೆ 8, ಬರೀ ರಿಲ್ಯಾಕ್ಸೇಶನ್ ಮಾಡಿದವರಿಗೆ 1.7. ಮನುಷ್ಯರೇ ಮೇಲು. ಆದರೆ ಯಾರೂ ಸಿಗದಾಗ ಇದು ಎಷ್ಟೋ ವಾಸಿ, ಅಲ್ವಾ? ಹೊತ್ತು ಗೊತ್ತು ಮಾಡಿ ಯಾರಾದ್ರೂ ಫೋನಿನಲ್ಲಿ ವಿಚಾರಿಸುತ್ತಿದ್ದರೆ ಇನ್ನೂ ಚೆನ್ನಾಗಿ ಸಾಗುತ್ತದೆ, ಅದನ್ನೂ ಆಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ.

ಮಾತ್ರೆ ನೀವಾಗಿ ಬಿಡಬೇಡಿ. ತೀರಾ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ. ಕನ್ನಡ ಬೇಕು ಅಂತ ಮೊದಲೇ ಹೇಳಿ. ಮತ್ತೆ, ಅಭ್ಯಾಸಕ್ಕೆ ಅಂತ ತೋಟದ ಮದ್ದನ್ನೇ ಮುಟ್ಟಲು ಹೋಗಬೇಡಿ, ಅದು ನಿಜವಾಗಿಯೂ ತೊಳೆಯಬೇಕಾದದ್ದೇ. ಮದ್ದು ಬಿಡುವವರು ಹಿಡಿದ ಗೇಟಿನ ಚಿಲಕ ಸಾಕು.

ಬದಿಯಡ್ಕ ಕಡೆಯವಳು:
ಚಿಲಕ ಅಂತ ಓದಿದಾಗಲೇ ಕೈ ಬೆವರಿತು. 35 ಕೊಟ್ಟಿದ್ದೇನೆ. ಪೆರ್ಲದಲ್ಲಿರುವ ತಂಗಿ ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಾಳಂತೆ. ಮೇಷ್ಟ್ರೇ, ಮುಟ್ಟಿ ಎಷ್ಟು ಹೊತ್ತಾದ ಮೇಲೆ ಅಡುಗೆ ಮಾಡಬಹುದು?

ಕುಂಬಳೆಯ ಮೇಷ್ಟ್ರು:
ಗಡಿಯಾರ ಬೇಡ, ಅಂಕ ನೋಡಿ. 35 ಇದ್ದದ್ದು ಅರ್ಧಕ್ಕೆ ಇಳಿಯಲಿ. ಆಮೇಲೆ ಎಲ್ಲರ ಹಾಗೆ ಒಮ್ಮೆ ಕೈ ತೊಳೆದು ಅಕ್ಕಿ ಇಡಿ. ನಾಳೆ ಚಿಲಕ ಮುಟ್ಟಿದ ಕೂಡಲೇ ಇಲ್ಲಿ ಅಂಕ ಹಾಕಿ ಅಕ್ಕ, ನಾನು ನೋಡುತ್ತಿರುತ್ತೇನೆ.