ಕ್ರೂಸ್ ಹಡಗಿನ ಪೂಲ್‌ಗೆ ಚಿಕ್ಕ ಮಕ್ಕಳನ್ನು ಇಳಿಸಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ

ಪದ್ಮನಾಭನಗರದ ಅಮ್ಮ:

ಬೇಸಿಗೆ ರಜೆಗೆ ಸಿಂಗಪುರದಿಂದ ಹೊರಡುವ ಕ್ರೂಸ್ ಬುಕ್ ಮಾಡಿದ್ದೇವೆ. ನಾವಿಬ್ಬರು, ಅತ್ತೆ ಮಾವ, ನಾದಿನಿ ಮತ್ತು ಅವಳ ಗಂಡ. ಮಕ್ಕಳು ಮೂವರು. ನನ್ನ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ, ನಾದಿನಿಯ ಮಗನಿಗೆ ಏಳು.

ಹಡಗಿನ ಫೋಟೊ ನೋಡಿದಾಗಿನಿಂದ ಮಗಳದು "ಸ್ಲೈಡ್, ಸ್ಲೈಡ್" ಅಂತ ಒಂದೇ ಜಪ. ಅದೇ ಫೋಟೊ ನೋಡಿ ನನಗೆ ನಿದ್ದೆ ಇಲ್ಲ. ನನಗೆ ಈಜು ಬರುವುದಿಲ್ಲ. ಯಜಮಾನರಿಗೆ ಬರುತ್ತದೆ, ಆದರೆ ನೀರಿಗಿಳಿದರೆ ಅವರನ್ನೇ ಒಬ್ಬರು ನೋಡಿಕೊಳ್ಳಬೇಕು. ಮಗಳು ಸಮ್ಮರ್ ಕ್ಯಾಂಪಿನಲ್ಲಿ ಬೋರ್ಡ್ ಹಿಡಿದು ಕಾಲು ಬಡಿಯುವುದನ್ನು ಕಲಿತಿದ್ದಾಳೆ, ಅಷ್ಟೇ.

ಹಡಗಲ್ಲಿ ಲೈಫ್‌ಗಾರ್ಡ್ ಇರುತ್ತಾರಾ? ಚಿಕ್ಕವನನ್ನು ಡೈಪರ್ ಹಾಕಿ ಇಳಿಸಬಹುದಾ? ತೋಳಿಗೆ ಹಾಕುವ ಗಾಳಿ ಬ್ಯಾಂಡ್ ಸಾಕಾಗುತ್ತದಾ? ಅತ್ತೆಯಂತೂ "ಆರು ಜನ ದೊಡ್ಡವರು ಇರ್ತೀವಿ, ಮೂರು ಮಕ್ಕಳನ್ನ ನೋಡ್ಕೊಳ್ಳೋಕೆ ಆಗಲ್ವಾ?" ಅಂತ ನಗುತ್ತಾರೆ.

ಟ್ರಿಪ್ ಹುಚ್ಚ:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ನಾವು ಹೋದಾಗ ತೋಳಿನ ಬ್ಯಾಂಡ್ ಹಾಕಿ ಬಿಟ್ಟಿದ್ದೆವು, ಮಗ ದಿನವಿಡೀ ನೀರಲ್ಲೇ ಇದ್ದ. ಏನೂ ಆಗಲಿಲ್ಲ. ಪೂಲ್ ಹತ್ತಿರ ಯೂನಿಫಾರ್ಮ್ ಹಾಕಿಕೊಂಡ ಸಿಬ್ಬಂದಿ ಯಾವಾಗಲೂ ಇರುತ್ತಾರೆ. ಎಂಜಾಯ್ ಮಾಡಿ.

ಉಳ್ಳಾಲದ ಡೆಕ್ಕಿನವ:

ಆ ಯೂನಿಫಾರ್ಮ್ ಹಾಕಿಕೊಂಡವ ನಾನೇ ಮಾರಾಯ್ರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯ ಹುಡುಗರು ತುಂಬಾ ಜನ ಹಡಗಿನಲ್ಲಿದ್ದಾರೆ, ನಾನು ಪೂಲ್ ಡೆಕ್ಕಿನಲ್ಲಿ. ಈಗ ಕಾಂಟ್ರಾಕ್ಟ್ ಮುಗಿಸಿ ಮನೆಯಲ್ಲಿದ್ದೇನೆ. ನನ್ನ ಕೆಲಸ ಏನು ಅಂದರೆ, ಟವೆಲ್ ಕೊಡುವುದು, ಒದ್ದೆ ಟವೆಲ್ ಎತ್ತುವುದು, ಕುರ್ಚಿ ಸಾಲು ಮಾಡುವುದು, ಚೆಲ್ಲಿದ ಐಸ್‌ಕ್ರೀಮ್ ಒರೆಸುವುದು. ನೀರಿಗೆ ಬೆನ್ನು ಹಾಕಿ ನಿಂತಿರುವ ಹೊತ್ತೇ ಜಾಸ್ತಿ. ನಾನು ಅಲ್ಲಿದ್ದೇನೆ ಅನ್ನುವುದು ನಿಮ್ಮ ಮಗುವಿಗೆ ಯಾವ ಕಾವಲೂ ಅಲ್ಲ.

ಲೈಫ್‌ಗಾರ್ಡ್ ವಿಷಯ ಕಂಪನಿ ಮೇಲೆ ಹೋಗುತ್ತದೆ. ಡಿಸ್ನಿ ಹಡಗುಗಳಲ್ಲಿ 2013ರಿಂದ ಇದ್ದಾರೆ, ರಾಯಲ್ ಕೆರಿಬಿಯನ್ 2017ರಲ್ಲಿ ಶುರು ಮಾಡಿತು. ಇಲ್ಲದ ಹಡಗುಗಳೂ ಬೇಕಾದಷ್ಟಿವೆ. ಅಲ್ಲಿ "ಲೈಫ್‌ಗಾರ್ಡ್ ಇಲ್ಲ, ನಿಮ್ಮ ಜವಾಬ್ದಾರಿಯಲ್ಲಿ ಇಳಿಯಿರಿ" ಅಂತ ಬೋರ್ಡ್ ಹಾಕಿರುತ್ತಾರೆ. ನಿಮ್ಮ ಹಡಗಿನ ಬಗ್ಗೆ ಏಜೆಂಟರನ್ನು ಕೇಳಬೇಡಿ, ಅವರು ಎಲ್ಲದಕ್ಕೂ ಹೌದು ಅನ್ನುತ್ತಾರೆ. ಕಂಪನಿಗೇ ಇಮೇಲ್ ಹಾಕಿ. ಇದ್ದರೂ ಅಷ್ಟಕ್ಕೇ ನಂಬಿ ಕೂರಬೇಡಿ. ಬಂದರಿಗೆ ಹೋಗದೆ ಇಡೀ ದಿನ ಸಮುದ್ರದಲ್ಲೇ ಇರುವ ದಿವಸ ಪೂಲ್‌ನಲ್ಲಿ ನೀರಿಗಿಂತ ತಲೆಗಳೇ ಜಾಸ್ತಿ ಕಾಣುತ್ತವೆ.

ಇನ್ನು ನಿಮ್ಮ ಅತ್ತೆಯವರ ಮಾತು. ಅಕ್ಕಾ, ನನಗೆ ಹೆದರಿಕೆ ಆಗುವುದೇ ಅದಕ್ಕೆ. ಅಪ್ಪ ಅಮ್ಮ ಇಬ್ಬರೇ ಇದ್ದರೆ ಒಬ್ಬರಾದರೂ ಕಣ್ಣಿಟ್ಟಿರುತ್ತಾರೆ. ಆರು ಜನ ಇದ್ದರೆ ಅಜ್ಜಿ ಮಗನನ್ನು ನಂಬುತ್ತಾರೆ, ಮಗ ಹೆಂಡತಿಯನ್ನು, ಹೆಂಡತಿ ನಾದಿನಿಯನ್ನು, ನಾದಿನಿ ಬಫೆಯಿಂದ ಪಕೋಡ ತರಲು ಹೋಗಿರುತ್ತಾಳೆ.

ಒಂದು ಸಲ ಕಂಡದ್ದು ಹೇಳುತ್ತೇನೆ. ನಾಲ್ಕೈದು ವರ್ಷದ ಹುಡುಗ, ಪೂಲ್‌ನ ಮೂಲೆಯಲ್ಲಿ ಮೆಟ್ಟಿಲು ಮುಗಿಯುವ ಜಾಗದಲ್ಲಿದ್ದ. ಮುಖ ಮೇಲಕ್ಕೆತ್ತಿ ಆಕಾಶ ನೋಡುತ್ತಿದ್ದಾನೆ ಅಂದುಕೊಂಡೆ. ಬಾಯಿ ನೀರಿನ ಮಟ್ಟದಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೂದಲು ಕಣ್ಣಿನ ಮೇಲೆ ಬಿದ್ದಿದೆ, ಸರಿಸುತ್ತಿಲ್ಲ. ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿವೆ. ಕೂಗಿಲ್ಲ, ಚಿಮ್ಮಿದ ನೀರಿಲ್ಲ. ಅವನ ಅಪ್ಪ ಕೈಗೆಟಕುವಷ್ಟು ಹತ್ತಿರವೇ ಇದ್ದರು, ದೊಡ್ಡ ಮಗಳು ಜಿಗಿಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ನಾನು ಟವೆಲ್ ಬಿಸಾಡಿ ಕಿರುಚಿದೆ. ಅವರು ತಿರುಗಿ ಎತ್ತಿಕೊಂಡರು. ಹುಡುಗ ಕೆಮ್ಮಿ, ವಾಂತಿ ಮಾಡಿ, ಆಮೇಲೆ ಅತ್ತ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕರೆಯುವುದಿಲ್ಲ. ಉಸಿರಿಗೇ ಪುರುಸೊತ್ತಿಲ್ಲದಾಗ ಕೂಗುವುದೆಲ್ಲಿಂದ?

ಅದಕ್ಕೆ ಹೀಗೆ ಮಾಡಿ. ಒಂದು ಹೊತ್ತಿಗೆ ಒಬ್ಬರೇ ಕಾವಲು, 15 ನಿಮಿಷ. ಅವರ ಕೈಯಲ್ಲಿ ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಹರಟೆ ಇಲ್ಲ. ಒಂದು ಕೆಂಪು ಟೋಪಿ ಇಟ್ಟುಕೊಳ್ಳಿ, ಕಾವಲಿನವರ ತಲೆ ಮೇಲೆ ಅದು. ಮುಂದಿನವರ ತಲೆಗೆ ಹಾಕುವ ತನಕ ಎದ್ದು ಹೋಗುವಂತಿಲ್ಲ. ಈಜು ಬರದ ನೀವು ಬೇಬಿ ಪೂಲ್ ನೋಡಿಕೊಳ್ಳಿ. ದೊಡ್ಡ ಪೂಲ್‌ನಲ್ಲಿ ಮಗಳ ಜೊತೆ ನೀರೊಳಗೇ, ಕೈಗೆಟಕುವಷ್ಟು ಹತ್ತಿರ, ನಿಮ್ಮ ಯಜಮಾನರು. ಅವರ ಆಟ ಆಮೇಲೆ.

ಹಡಗಿನ ಪೂಲ್ ರೆಸಾರ್ಟ್ ಪೂಲ್ ಅಲ್ಲ ಅನ್ನುವುದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಜಾಗ ಕಡಿಮೆ ಇರುವುದರಿಂದ ಎಷ್ಟೋ ಕಡೆ ಇಳಿಜಾರು ಇರುವುದಿಲ್ಲ. ಎರಡು ಮೆಟ್ಟಿಲು, ಆಮೇಲೆ ಸೀದಾ ಆಳ. ಅಂಚಿನಲ್ಲಿ ಆಳ ಬರೆದಿರುತ್ತದೆ, ಮಗಳ ಎತ್ತರಕ್ಕೆ ಹೋಲಿಸಿ ನೋಡಿ. ಮತ್ತೆ ಹಡಗು ತೂಗುವಾಗ ಪೂಲ್ ನೀರೂ ತೂಗುತ್ತದೆ. ಎದೆಮಟ್ಟ ಇದ್ದ ನೀರು ಒಂದೇ ಕ್ಷಣದಲ್ಲಿ ಕುತ್ತಿಗೆಗೆ ಬರುತ್ತದೆ, ಚಿಕ್ಕ ಮಕ್ಕಳ ಕಾಲು ನೆಲ ಬಿಡುತ್ತದೆ. ತೀರಾ ಜಾಸ್ತಿಯಾದರೆ ನಾವೇ ಪೂಲ್ ಮುಚ್ಚಿ ಬಲೆ ಕಟ್ಟುತ್ತೇವೆ. ಆ ಬಲೆ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಯುವವರೂ ಇದ್ದಾರೆ, ಏನು ಹೇಳುವುದು!

ಡೈಪರ್ ಹಾಕಿದ ಮಗುವನ್ನು ಪೂಲ್‌ಗೆ ಬಿಡುವುದಿಲ್ಲ. ಈಜಿನ ಡೈಪರ್ ಆದರೂ ಇಲ್ಲ, ಅದು ಗಟ್ಟಿಯಾದ್ದನ್ನು ತಡೆದೀತು, ರೋಗಾಣುವನ್ನಲ್ಲ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ನಿಯಮವೇ ಇದೆ, ಬೇರೆ ಕಡೆಯೂ ಹೆಚ್ಚಿನ ಕಂಪನಿಗಳು ಅದನ್ನೇ ಪಾಲಿಸುತ್ತವೆ. ಕೆಲವು ಹಡಗುಗಳಲ್ಲಿ ಡೈಪರ್ ಮಕ್ಕಳಿಗೇ ಬೇರೆ ಪುಟ್ಟ ಜಾಗ ಇರುತ್ತದೆ. ನಿಮ್ಮದರಲ್ಲಿ ಇದೆಯಾ ಅಂತ ಅದೇ ಇಮೇಲಿನಲ್ಲಿ ಕೇಳಿ. ಪೂಲ್‌ನಲ್ಲಿ ಯಾವ ಮಗುವಾದರೂ ಗಲೀಜು ಮಾಡಿದರೆ ಎಲ್ಲರನ್ನೂ ಹೊರಗೆ ಕಳಿಸಿ, ಕ್ಲೋರಿನ್ ಹಾಕಿ, ಗಂಟೆಗಟ್ಟಲೆ ಮುಚ್ಚಬೇಕಾಗುತ್ತದೆ. ಆಮೇಲೆ ರಜೆ ಮುಗಿಯುವ ತನಕ ಲಿಫ್ಟಿನಲ್ಲಿ ಎಲ್ಲರೂ ಆ ಮನೆಯವರನ್ನೇ ನೋಡುತ್ತಾರೆ.

ತೋಳಿನ ಬ್ಯಾಂಡ್ ಆಟಿಕೆ. ಗಾಳಿ ಹೋಗುತ್ತದೆ, ಸನ್‌ಸ್ಕ್ರೀನ್ ಹಚ್ಚಿದ ಕೈಯಿಂದ ಜಾರುತ್ತದೆ. ಎಷ್ಟೋ ಹಡಗುಗಳಲ್ಲಿ ಟವೆಲ್ ಕೌಂಟರಿನಲ್ಲೇ ಮಕ್ಕಳ ಈಜಿನ ಜಾಕೆಟ್ ಪುಕ್ಕಟೆ ಸಿಗುತ್ತದೆ, ಬೆಳಿಗ್ಗೆಯೇ ಹೋಗಿ ಅಳತೆಯದ್ದು ತೆಗೆದುಕೊಳ್ಳಿ. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿ ತನಕ ಬಂದರೆ ದೊಡ್ಡದಾಯಿತು. ಜಾಕೆಟ್ ಹಾಕಿದರೂ ಟೋಪಿ ಡ್ಯೂಟಿ ತಪ್ಪುವುದಿಲ್ಲ.

ಈಜುಡುಗೆ ತಿಳಿನೀಲಿ, ಬಿಳಿ ಬೇಡ, ನೀರಿನೊಳಗೆ ಕಾಣುವುದೇ ಇಲ್ಲ. ಕಿತ್ತಳೆ ಅಥವಾ ಕಣ್ಣು ಕುಕ್ಕುವ ಗುಲಾಬಿ ತೆಗೆದುಕೊಳ್ಳಿ. ಮಗಳಿಗೆ ಉದ್ದ ಕೂದಲಿದ್ದರೆ ಗಟ್ಟಿಯಾಗಿ ತುರುಬು ಕಟ್ಟಿ, ನೀರು ಎಳೆಯುವ ಜಾಲರಿಯ ಹತ್ತಿರ ಬಿಡಬೇಡಿ. ಬಿಸಿನೀರಿನ ಹಾಟ್ ಟಬ್ ಸಣ್ಣ ಮಕ್ಕಳಿಗೆ ಬೇಡವೇ ಬೇಡ, ಮೈ ಬೇಗ ಕಾಯುತ್ತದೆ. ಸ್ಲೈಡಿಗೆ ಎತ್ತರದ ಅಳತೆ ಇದೆ. "ಎರಡೇ ಇಂಚು ಅಲ್ವಾ, ಬಿಡಿ ಬ್ರದರ್" ಅಂತ ದಯವಿಟ್ಟು ನಮ್ಮ ಹತ್ತಿರ ಜಗಳ ಆಡಬೇಡಿ.

ಇನ್ನೊಂದು ಮುಖ್ಯ ವಿಷಯ. ಸ್ನಾನ ಮುಗಿಸಿ, ಬಟ್ಟೆ ಹಾಕಿ, ಊಟಕ್ಕೆ ಹೊರಟ ಮೇಲೆ ಎಲ್ಲರೂ ಸಡಿಲ ಬಿಡುತ್ತಾರೆ. ಆಗಲೇ ಮಗು ಮತ್ತೆ ನೀರಿನ ಕಡೆ ಓಡುವುದು. ಮಗು ಕಾಣುತ್ತಿಲ್ಲ ಅಂದರೆ ಮೊದಲು ಪೂಲ್ ನೋಡಿ. ಕ್ಯಾಬಿನ್, ಕಿಡ್ಸ್ ಕ್ಲಬ್ ಎಲ್ಲ ಆಮೇಲೆ.

ಧಾರವಾಡದ ಸಿಸ್ಟರ್:

ನಾನು ಮಕ್ಕಳ ವಾರ್ಡಿನ ನರ್ಸ್ ಇದ್ದೇನ್ರೀ. ಡೆಕ್ಕಿನ ಅಣ್ಣಾರು ಬರೆದದ್ದು ಖರೇ ಅದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ, ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು.

ನಮ್ಮ ಕಡೆ ಮುಳುಗಿದ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸುತ್ತಾರೆ, ಹೊಟ್ಟೆ ಒತ್ತಿ ನೀರು ತೆಗೆಯುತ್ತಾರೆ. ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿದವರೂ ಇದ್ದಾರೆ. ಇವೆಲ್ಲ ಹೊತ್ತು ಹಾಳು ಮಾಡುವ ಕೆಲಸ. ಮುಳುಗಿದವರಿಗೆ ಬೇಕಾದದ್ದು ಉಸಿರು. ಉಸಿರಾಟ ಇಲ್ಲ ಅಂದರೆ ಒಬ್ಬರನ್ನು ಸಹಾಯಕ್ಕೆ ಕೂಗಿಸಿ, ನೀವು ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಶುರು ಮಾಡಿ. ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು, ಹೀಗೇ ನಿಲ್ಲಿಸದೆ. ಓದಿ ಬರುವ ವಿದ್ಯೆ ಅಲ್ಲ ಇದು. ಹೋಗುವ ಮೊದಲು ನೀವೂ ಯಜಮಾನರೂ ಅರ್ಧ ದಿನದ ಸಿಪಿಆರ್ ತರಬೇತಿ ಮಾಡಿಕೊಂಡು ಹೋಗ್ರಿ.

ನೀರು ಕುಡಿದು ಎದ್ದ ಮಗು ಆಮೇಲೂ ಕೆಮ್ಮುತ್ತಲೇ ಇದ್ದರೆ, ಉಸಿರಾಡಲು ಕಷ್ಟಪಟ್ಟರೆ, ಮಂಕಾಗಿ ಮಲಗಿದರೆ ಹಡಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಲ್ ಜಾಸ್ತಿ ಬರುತ್ತದೆ ಅಂತ ಕಾಯಬೇಡಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿರುತ್ತೀರಿ, ಹೌದಲ್ರೀ?

ಪದ್ಮನಾಭನಗರದ ಅಮ್ಮ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾ, ನಿಮ್ಮ ಉತ್ತರ ಮನೆಯ ಗ್ರೂಪಿಗೆ ಹಾಕಿದೆ. ಅತ್ತೆ ಏನೂ ಹೇಳಲಿಲ್ಲ. ಮಾವ ಮಾತ್ರ "ನಾವು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲೇ ಕಲಿತವರು, ಆಗ ಯಾವ ಟೋಪಿ ಡ್ಯೂಟಿ ಇತ್ತು?" ಅಂದರು. ಇನ್ನೊಂದು ಪ್ರಶ್ನೆ. ಕ್ಯಾಬಿನ್‌ನಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಇಟ್ಟಿರುತ್ತಾರಂತಲ್ಲ, ಅದನ್ನೇ ಪೂಲ್‌ಗೆ ಹಾಕಬಹುದಾ?

ಉಳ್ಳಾಲದ ಡೆಕ್ಕಿನವ:

ಮಾವನವರನ್ನು ಕೇಳಿ, ಬಾವಿಯ ಮೇಲೆ ಹಗ್ಗ ಹಿಡಿದು ನಿಂತಿದ್ದವರು ಯಾರು ಅಂತ. ಒಬ್ಬರು ಇದ್ದೇ ಇರುತ್ತಾರೆ, ನನ್ನ ಅಜ್ಜ ನಮಗೆ ನಿಂತಿದ್ದರು. ಮೊದಲ ಪಾಳಿ ಮಾವನವರಿಗೇ ಕೊಡಿ, ಅಂಥವರು ಚೆನ್ನಾಗಿ ಕಾಯುತ್ತಾರೆ.

ಕ್ಯಾಬಿನ್ ಜಾಕೆಟ್ ಪೂಲ್‌ಗೆ ಬೇಡ. ಅದು ಹಡಗು ಬಿಟ್ಟು ಇಳಿಯಬೇಕಾದಾಗ ಹಾಕಲು ಇರುವುದು, ಇಟ್ಟ ಜಾಗದಲ್ಲೇ ಇರಬೇಕು. ಮೊದಲ ದಿನ ರೂಮಿಗೆ ಹೋದ ಕೂಡಲೇ ಮಕ್ಕಳ ಅಳತೆಯದ್ದೂ ಒಂದೂವರೆ ವರ್ಷದವನ ಅಳತೆಯದ್ದೂ ಇವೆಯಾ ನೋಡಿ. ಇಲ್ಲದಿದ್ದರೆ ಕ್ಯಾಬಿನ್ ಹುಡುಗನಿಗೆ ಹೇಳಿ, ತಂದುಕೊಡುತ್ತಾನೆ. ನಮ್ಮ ಊರಿನವನೇ ಸಿಕ್ಕಿದರೂ ಆಶ್ಚರ್ಯ ಇಲ್ಲ.